ಹಾಪ್ಸ್ ತೋಟದ ಒಂದು ದಿನ

ಇಂಗ್ಲೆಂಡಿನ ಕೆಂಟ್ ಕೌಂಟಿಯ ಹಳ್ಳಿಗಳ ಹಿರಿಯರನ್ನು ಬಾಲ್ಯದ ಬಗ್ಗೆ ಕೇಳಿದರೆ ಮಾತು ಬೇಗನೆ ಸೆಪ್ಟೆಂಬರ್ ತಿಂಗಳಿಗೆ ಬಂದು ನಿಲ್ಲುತ್ತದೆ. ಅದು ಹಾಪ್ಸ್ ಸುಗ್ಗಿಯ ತಿಂಗಳು. ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಆ ಬಳ್ಳಿಯ ಹೂಗಳನ್ನು ಬಿಡಿಸಲು ಊರಿನ ಹೆಂಗಸರು ಮಕ್ಕಳು ಸಾಲುತ್ತಿರಲಿಲ್ಲ. ಲಂಡನ್ನಿನ ಈಸ್ಟ್ ಎಂಡಿನಿಂದ ತಾಯಂದಿರು, ಅಜ್ಜಿಯರು, ಮಕ್ಕಳು ರೈಲು ತುಂಬಿ ಬಂದು ಮೂರು ನಾಲ್ಕು ವಾರ ತೋಟಗಳಲ್ಲೇ ಉಳಿಯುತ್ತಿದ್ದರು. ಹಾಗೆ ಬಂದವರ ಮಕ್ಕಳೂ ಊರಿನ ಮಕ್ಕಳೂ ಮುಂದೆ ಅದನ್ನು ‘ರಜೆ’ ಎಂದೇ ನೆನೆದರು. ಆದರೆ ಅದು ಬುಷೆಲ್ ಎಂಬ ಅಳತೆಬುಟ್ಟಿಯ ಲೆಕ್ಕದ ಕೂಲಿ. ರಜೆ, ಕೂಲಿ ಎರಡೂ ನಿಜ. ಒಂದನ್ನು ಬಿಟ್ಟು ಇನ್ನೊಂದನ್ನು ಬರೆದರೆ ಆ ಹಳ್ಳಿಗಳ ಚರಿತ್ರೆ ಅರ್ಧವಾಗುತ್ತದೆ. ಅದಕ್ಕೇ 1930ರ ದಶಕದ ಮೆಡ್‌ವೇ ನದಿ ಕಣಿವೆಯ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಇಲ್ಲಿ ಬಿಡಿಸಿ ಇಡುತ್ತಿದ್ದೇನೆ. ಇದು ಯಾರೋ ಒಬ್ಬರ ದಿನವಲ್ಲ. ಯಾಲ್ಡಿಂಗ್, ಹ್ಯಾಡ್ಲೋ, ಪ್ಯಾಡಕ್ ವುಡ್, ಈಸ್ಟ್ ಫಾರ್ಲೀ ಹೀಗೆ ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಇದೇ ಕ್ರಮ.

ದಿನ ಗುಡಿಸಲಿನಲ್ಲಿ ಶುರು. ತಗಡಿನದೋ ಇಟ್ಟಿಗೆಯದೋ ಸಾಲುಮನೆ, ಒಂದು ಕುಟುಂಬಕ್ಕೆ ಒಂದೇ ಕೋಣೆ, ನೆಲಕ್ಕೆ ಮಣ್ಣು. ತೋಟದ ಯಜಮಾನ ಕೊಡುವುದು ಎರಡೇ: ಹಾಸಿಗೆಯ ಚೀಲಕ್ಕೆ ತುಂಬಲು ಹುಲ್ಲು, ಒಲೆಗೆ ಪುಳ್ಳೆಯ ಹೊರೆ. ಉಳಿದದ್ದೆಲ್ಲ, ಅಂದರೆ ಪಾತ್ರೆ, ಹೊದಿಕೆ, ಪರದೆ, ಗೋಡೆಗೆ ಅಂಟಿಸುವ ಕಾಗದ ಕೂಡ, ಲಂಡನ್ನಿನಿಂದ ಒಂದು ಮರದ ಪೆಟ್ಟಿಗೆಯಲ್ಲಿ ಬರಬೇಕು. ಎಷ್ಟೋ ಮನೆಗಳಲ್ಲಿ ಆ ಪೆಟ್ಟಿಗೆಯನ್ನು ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ತುಂಬಿಸಿಡುತ್ತಿದ್ದರು. ಬೆಳಗಾಗುವ ಮುಂಚೆ ಚಹಾ ಕಾಯಿಸಿ ಡಬ್ಬಿಗೆ ಸುರಿದು, ಬ್ರೆಡ್ಡಿಗೆ ಜಾಮ್ ಸವರಿ ಕಟ್ಟಿಕೊಂಡು, ಮಂಜು ಕರಗುವ ಮೊದಲೇ ತೋಟಕ್ಕೆ ಹೋಗಬೇಕು.

ಹಾಪ್ಸ್ ತೋಟವನ್ನು ನಮ್ಮವರಿಗೆ ವಿವರಿಸಲು ಸುಲಭವಾದ ಹೋಲಿಕೆ ವೀಳ್ಯದೆಲೆಯ ತೋಟ. ಆದರೆ ಇಲ್ಲಿ ಆಸರೆ ಜೀವಂತ ಮರವಲ್ಲ. ಎತ್ತರದ ಕಂಬಗಳು, ಅವುಗಳ ತುದಿಯಲ್ಲಿ ತಂತಿ, ತಂತಿಯಿಂದ ನೆಲದ ಗೂಟಕ್ಕೆ ಬಿಗಿದ ಹುರಿ. ಆ ಹುರಿ ತೆಂಗಿನ ನಾರಿನದು. ಇಂಗ್ಲೆಂಡಿನಲ್ಲಿ ತೆಂಗು ಬೆಳೆಯುವುದಿಲ್ಲವಾದ್ದರಿಂದ ಅದು ತೆಂಗು ಬೆಳೆಯುವ ದೇಶಗಳಿಂದ ಹಡಗಿನಲ್ಲಿ ಹೋಗಬೇಕಾಗಿತ್ತು. ಒರಟಾದ ನಾರು ಬಳ್ಳಿಗೆ ಹಿಡಿತ ಕೊಡುತ್ತದೆ, ಮಳೆಯಲ್ಲಿ ಬೇಗ ಕೊಳೆಯುವುದಿಲ್ಲ. ವಸಂತದಲ್ಲಿ ಮರದ ಮರಗಾಲು ಕಟ್ಟಿಕೊಂಡ ಗಂಡಸರು ಸಾಲಿನುದ್ದಕ್ಕೆ ನಡೆಯುತ್ತ ಮೇಲಿನ ಕೊಕ್ಕೆಗಳಿಗೆ ಹುರಿ ಸಿಕ್ಕಿಸುತ್ತಿದ್ದರು. ಮೇ ತಿಂಗಳ ಹೊತ್ತಿಗೆ ಹೆಂಗಸರು ಒಂದೊಂದು ಹುರಿಗೆ ಎರಡು ಮೂರು ಕುಡಿಗಳನ್ನು ಮಾತ್ರ ಆರಿಸಿ ಸುತ್ತಿಸಿ ಉಳಿದವನ್ನು ಕಿತ್ತುಹಾಕುತ್ತಿದ್ದರು. ಸುತ್ತುವ ದಿಕ್ಕು ತಪ್ಪಬಾರದು. ಹಾಪ್ಸ್ ಬಳ್ಳಿ ಗಡಿಯಾರದ ಮುಳ್ಳಿನ ದಿಕ್ಕಿಗೇ ಸುತ್ತುತ್ತದೆ. ತಿರುವಿ ಸುತ್ತಿದರೆ ಮರುದಿನ ಬಿಚ್ಚಿಕೊಂಡು ನೇತಾಡುತ್ತದೆ.

ಸೆಪ್ಟೆಂಬರಿನಲ್ಲಿ ಈ ಸಾಲುಗಳು ಹಸಿರು ಸುರಂಗದಂತೆ ಮುಚ್ಚಿಕೊಂಡಿರುತ್ತವೆ. ಉದ್ದನೆ ಕೋಲಿನ ತುದಿಗೆ ಕೊಕ್ಕೆಗತ್ತಿ ಕಟ್ಟಿಕೊಂಡ ಆಳು ಮೇಲೆ ಹುರಿಯನ್ನು ಕತ್ತರಿಸಿ ಎಳೆದರೆ ಇಡೀ ಬಳ್ಳಿ ಇಬ್ಬನಿ ಸಮೇತ ಕೆಳಗಿದ್ದವರ ಮೇಲೆ ಬೀಳುತ್ತದೆ. ಬೆಳಗಿನ ಮೊದಲ ಬಳ್ಳಿಗೆ ಎಲ್ಲರೂ ತೊಯ್ದು ತೊಪ್ಪೆ. ಅದಕ್ಕೇ ತೋಳಿಗೆ ಹಳೇ ಕಾಲುಚೀಲ, ಸೊಂಟಕ್ಕೆ ಗೋಣಿಚೀಲ. ತೋಳು ಮುಚ್ಚಲು ಇನ್ನೊಂದು ಕಾರಣವೂ ಇತ್ತು. ಬಳ್ಳಿಯ ತುಂಬ ಹಿಂದಕ್ಕೆ ಬಾಗಿದ ಸಣ್ಣ ಗಡಸು ರೋಮ. ಬರಿ ಚರ್ಮಕ್ಕೆ ತಾಗಿದರೆ ಗರಗಸ ಎಳೆದಂತೆ ಗೀರು, ಆಮೇಲೆ ಉರಿ.

ಕೀಳುವುದು ‘ಬಿನ್’ ಎಂಬುದರೊಳಕ್ಕೆ. ಎರಡು ಕಡೆ ಕತ್ತರಿಗಾಲು, ನಡುವೆ ಎರಡು ಉದ್ದ ಗಳ, ಗಳಗಳಿಂದ ತೊಟ್ಟಿಲಿನಂತೆ ಇಳಿಬಿಟ್ಟ ಗೋಣಿಬಟ್ಟೆ. ಬಳ್ಳಿಯನ್ನು ಅದರ ಮೇಲೆ ಅಡ್ಡ ಹಾಕಿಕೊಂಡು ಎರಡೂ ಕೈಯಿಂದ ಹೂ ಬಿಡಿಸಬೇಕು. ಹಾಪ್ಸ್ ಹೂ ಎಂದರೆ ಹೆಬ್ಬೆರಳಿನ ಗಾತ್ರದ, ಪದರ ಪದರದ, ತಿಳಿಹಸಿರು ಗೊಂಡೆ. ಹೆಣ್ಣುಬಳ್ಳಿಯಲ್ಲಿ ಮಾತ್ರ ಬಿಡುತ್ತದೆ. ಪದರ ಬಿಡಿಸಿದರೆ ಬುಡದಲ್ಲಿ ಹಳದಿ ಪುಡಿ, ಅದೇ ಬೆಳೆಯ ಬೆಲೆ. ಆ ಪುಡಿಯ ಅಂಟು ಬೆರಳಿಗೆ ಹತ್ತಿ ಮಧ್ಯಾಹ್ನದೊಳಗೆ ಕಪ್ಪಾಗುತ್ತದೆ, ತೊಳೆದರೂ ಹೋಗುವುದಿಲ್ಲ. ಅದೇ ಬೆರಳಲ್ಲಿ ತಿಂದ ಬ್ರೆಡ್ಡೂ ಕಹಿ. ತೋಟ ಕಂಡ ಪ್ರತಿಯೊಬ್ಬರೂ ಈ ಕಹಿಯನ್ನು ಹೇಳುತ್ತಾರೆ. ಇದನ್ನು ಹೇಳದವರು ತೋಟವನ್ನು ರಸ್ತೆಯಿಂದ ನೋಡಿರಬೇಕು ಎನ್ನುವಷ್ಟು ನಂಬಿಕೆ ನನಗಿದೆ.

ಎಲೆ ಬೀಳಬಾರದು, ಕಡ್ಡಿ ಬೀಳಬಾರದು, ಹೂಗೊಂಚಲು ಇಡಿಯಾಗಿ ಬೀಳಬಾರದು. ಬೇಗ ತುಂಬಲೆಂದು ಬಳ್ಳಿಯನ್ನು ಸೀಳಿ ಎಳೆದರೆ ಎಲೆ ಸೇರುತ್ತದೆ. ಎಲೆ ಒಣಗುವ ಹೊತ್ತು ಬೇರೆ, ಹೂ ಒಣಗುವ ಹೊತ್ತು ಬೇರೆ. ಹಾಗಾಗಿ ಹೂ ಒಣಗಿಸುವ ಗೂಡಿನಲ್ಲಿ ಇಡೀ ಹರವು ಕೆಡುತ್ತದೆ. ಆದ್ದರಿಂದ ಅಳೆಯುವವನು ಎಲೆ ಕಂಡರೆ ಅಳೆಯಲು ಒಪ್ಪದೆ ‘ಮೊದಲು ಆರಿಸಿ’ ಎಂದು ಮುಂದಿನ ಬಿನ್ನಿಗೆ ಹೋಗುತ್ತಿದ್ದ. ಆ ಎಲೆ ಆರಿಸುವ ಶಿಕ್ಷೆ ಬೀಳುತ್ತಿದ್ದದ್ದು ಮಕ್ಕಳಿಗೆ.

ಬಿನ್ನಿನ ಅಂಚಿಗೆ ಕೈ ಎಟುಕದ ಮಕ್ಕಳಿಗೆ ಮರದ ಪೆಟ್ಟಿಗೆ, ಬುಟ್ಟಿ, ಇಲ್ಲವೇ ನೆಲದಲ್ಲಿ ತಲೆಕೆಳಗಾಗಿ ಬಿಚ್ಚಿಟ್ಟ ಹಳೇ ಕೊಡೆ. ಕೊಡೆ ತುಂಬುವವರೆಗೆ ಆಟವಿಲ್ಲ. ತುಂಬಿದ್ದನ್ನು ಅಮ್ಮನ ಬಿನ್ನಿಗೆ ಸುರಿದರೆ ಲೆಕ್ಕ ಅಮ್ಮನದು. ಮಧ್ಯಾಹ್ನ ಮಿಠಾಯಿಯವನು ಸಾಲುಗಳ ನಡುವೆ ಕೂಗುತ್ತ ಬರುವ ಹೊತ್ತಿಗೆ ಎಷ್ಟು ಕೊಡೆ ಆಗಿದೆ ಎಂಬುದರ ಮೇಲೆ ಮಿಠಾಯಿ.

ಇನ್ನು ಅಳತೆ. ದಿನದ ಎಲ್ಲ ಸದ್ದು, ಎಲ್ಲ ಜಗಳ ಇಲ್ಲೇ. ಅಳೆಯುವವನು ಒಂದು ಬುಷೆಲಿನ ಬುಟ್ಟಿ, ಅಂದರೆ ಸುಮಾರು 36 ಲೀಟರಿನದು, ಹಿಡಿದು ಬಿನ್ನಿನಿಂದ ಗೋರಿ ಗೋರಿ ಎಣಿಸುತ್ತ ಹತ್ತು ಬುಷೆಲಿನ ಚೀಲಕ್ಕೆ ಸುರಿಯುತ್ತಾನೆ. ಪಕ್ಕದಲ್ಲಿ ಲೆಕ್ಕದವನು ತೋಟದ ಪುಸ್ತಕದಲ್ಲೊಮ್ಮೆ, ಕೀಳುವವರ ಪುಸ್ತಕದಲ್ಲೊಮ್ಮೆ ಬರೆಯುತ್ತಾನೆ. ಬರವಣಿಗೆ ಬರುವ ಮೊದಲು ಒಂದೇ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಎರಡೂ ಹೋಳು ಜೋಡಿಸಿ ಗುರುತು ಕೊರೆದು, ಒಂದನ್ನು ಇವರು ಇನ್ನೊಂದನ್ನು ಅವರು ಇಟ್ಟುಕೊಳ್ಳುತ್ತಿದ್ದರು. ಹಾಪ್ಸ್ ಹೂ ಹತ್ತಿಯಂತೆ ಹಗುರ, ಒತ್ತಿದರೆ ಕುಗ್ಗುತ್ತದೆ. ಹಾಗಾಗಿ ಅಳೆಯುವವನು ಬರುತ್ತಾನೆಂದು ಗೊತ್ತಾದ ಕೂಡಲೇ ಹೆಂಗಸರು ಮೊಣಕೈವರೆಗೆ ತೋಳು ಇಳಿಸಿ ತಳದಿಂದ ಹೂವನ್ನು ಎತ್ತಿ ಸಡಿಲ ಮಾಡುತ್ತಿದ್ದರು. ಅವನು ಬುಟ್ಟಿಯಲ್ಲಿ ಕೈಯೂರಿ ಒತ್ತಿದರೆ ಒಂದು ಬಿನ್ನಿಗೆ ಎರಡು ಮೂರು ಬುಷೆಲ್ ಮಾಯ. ನಮ್ಮ ಕಣದಲ್ಲಿ ಕೊಳಗ ಹಿಡಿದವನ ಕೈಯನ್ನು ರೈತರು ನೋಡುವ ಹಾಗೆಯೇ ಅಲ್ಲಿ ತಾಯಂದಿರು ಇವನ ಅಂಗೈ ನೋಡುತ್ತಿದ್ದರು.

ದರವನ್ನು ಹೇಳುವ ರೀತಿಯೂ ಬೇರೆ. ಬುಷೆಲಿಗೆ ಇಷ್ಟು ಕಾಸು ಎನ್ನುತ್ತಿರಲಿಲ್ಲ, ಒಂದು ಶಿಲ್ಲಿಂಗಿಗೆ (ಅಂದಿನ ಬ್ರಿಟಿಷ್ ನಾಣ್ಯ) ಇಷ್ಟು ಬುಷೆಲ್ ಎನ್ನುತ್ತಿದ್ದರು. ಸಂಖ್ಯೆ ಏರಿದಷ್ಟೂ ಕೂಲಿ ಇಳಿಯುತ್ತದೆ. ಶಿಲ್ಲಿಂಗಿಗೆ 6 ಎಂದಾದರೆ 24 ಬುಷೆಲ್ ಕಿತ್ತ ಮನೆಗೆ ಆ ದಿನ 4 ಶಿಲ್ಲಿಂಗ್. ಅದೇ 8 ಎಂದಾದರೆ ಅಷ್ಟೇ ದುಡಿಮೆಗೆ 3. ಹೂ ಸಣ್ಣದಾದ ವರ್ಷ ಬುಟ್ಟಿ ತುಂಬಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಸುಗ್ಗಿಯ ಮೊದಲ ದಿನಗಳಲ್ಲಿ ಕೈ ಕಟ್ಟಿ ಕೂತು ದರಕ್ಕೆ ಹಟ ಹಿಡಿಯುವುದು ಮಾಮೂಲು. ಪೂರ್ತಿ ಹಣ ಸುಗ್ಗಿಯ ಕೊನೆಗೆ. ನಡುವೆ ಬೇಕಾದವರಿಗೆ ಮುಂಗಡ, ಅದನ್ನು ಕೊನೆಯ ಲೆಕ್ಕದಲ್ಲಿ ಕಳೆಯುತ್ತಾರೆ. ನೆನಪು ಬರೆದುಕೊಳ್ಳುವವರು ‘ಖುಷಿಯಾಗಿತ್ತೇ’ ಎಂದು ಕೇಳುವ ಬದಲು ‘ಆ ವರ್ಷ ಶಿಲ್ಲಿಂಗಿಗೆ ಎಷ್ಟು, ಕೊನೆಗೆ ಕೈಗೆ ಬಂದದ್ದೆಷ್ಟು, ಅದರಲ್ಲಿ ಏನು ಕೊಂಡರು’ ಎಂದು ಕೇಳಬೇಕು. ಮಕ್ಕಳಿಗೆ ಚಳಿಗಾಲದ ಬೂಟು ಎಂಬ ಉತ್ತರ ಎಷ್ಟು ಸಲ ಬರುತ್ತದೆಂದರೆ, ರಜೆ ಎಂಬ ಮಾತಿನ ತೂಕ ಅಲ್ಲೇ ತಿಳಿಯುತ್ತದೆ.

ನೆನಪಿನಲ್ಲಿ ಸೆಪ್ಟೆಂಬರ್ ಯಾವಾಗಲೂ ಬಿಸಿಲು. ಅದನ್ನು ತಿದ್ದಲು ಶಾಲೆಯ ದಿನಚರಿ ಪುಸ್ತಕ ಬೇಕು. 1862ರ ನಿಯಮಾವಳಿಯ ನಂತರ ಸರ್ಕಾರದ ಅನುದಾನ ಪಡೆಯುವ ಶಾಲೆಯ ಮುಖ್ಯೋಪಾಧ್ಯಾಯರು ಇಂಥ ಪುಸ್ತಕ ಬರೆಯಲೇಬೇಕಾಗಿತ್ತು. ಹಾಪ್ಸ್ ಬೆಳೆಯುವ ಊರುಗಳಲ್ಲಿ ಬೇಸಿಗೆ ರಜೆಯನ್ನೇ ಸುಗ್ಗಿಗೆ ಹೊಂದಿಸುತ್ತಿದ್ದರು. ಮಳೆಗೆ ಸುಗ್ಗಿ ತಡವಾದರೆ ಬಾಗಿಲು ತೆರೆದರೂ ಬೆಂಚುಗಳು ಖಾಲಿ. ರಜೆ ಯಾವ ದಿನ ಶುರುವಾಯಿತು, ಎಷ್ಟು ದಿನ ಮುಂದೂಡಿದರು, ಮೊದಲ ವಾರ ಎಷ್ಟು ಮಕ್ಕಳು ಬಂದರು ಎಂಬ ಮೂರು ಸಾಲು ಸಿಕ್ಕರೆ ಆ ವರ್ಷದ ಬೆಳೆ, ಹವೆ ಎರಡೂ ಗೊತ್ತಾಗುತ್ತವೆ. ಅಜ್ಜಿ ಹೇಳಿದ ವರ್ಷ ತಪ್ಪಿದ್ದರೂ ಚಿಂತೆಯಿಲ್ಲ. ಅವರು ‘ನನ್ನ ತಮ್ಮ ಹುಟ್ಟಿದ ವರ್ಷ’ ಎಂದರೆ ಅದನ್ನು ಹಿಡಿದು ಪುಸ್ತಕ ತೆರೆಯಬಹುದು.

ಊರಿನವರಿಗೂ ಬಂದವರಿಗೂ ಇದ್ದ ಅಂತರವನ್ನೂ ಬಿಡಬಾರದು. ಸುಗ್ಗಿಯ ತಿಂಗಳಲ್ಲಿ ಅಂಗಡಿಗಳು ಕಟ್ಟೆಗೆ ತಂತಿಬಲೆ ಬಿಗಿಯುತ್ತಿದ್ದವು, ಪಬ್ಬುಗಳು ಗ್ಲಾಸಿಗೆ ಠೇವಣಿ ಕೇಳುತ್ತಿದ್ದವು. ಊರಿನ ಮಕ್ಕಳಿಗೆ ಲಂಡನ್ನಿನ ಮಕ್ಕಳ ಜೊತೆ ಸೇರಬೇಡಿ ಎಂಬ ಅಪ್ಪಣೆ. ಹಿಂದಿನ ಕಾಲ ಇನ್ನೂ ಕಠಿಣ. ಈಸ್ಟ್ ಫಾರ್ಲೀಯಲ್ಲಿ 1849ರ ಸೆಪ್ಟೆಂಬರಿನಲ್ಲಿ ಕಾಲರಾಕ್ಕೆ 43 ಕೂಲಿಗಳು ಸತ್ತರು. ಚರ್ಚಿನ ಅಂಗಳದ ಸ್ಮಾರಕದಲ್ಲಿ ಅವರು ‘ಅಪರಿಚಿತರು’. 1853ರ ಅಕ್ಟೋಬರ್ 20ರಂದು ಹ್ಯಾಡ್ಲೋ ಬಳಿಯ ಹಾರ್ಟ್‌ಲೇಕ್ ಮರದ ಸೇತುವೆಯ ಅಂಚು ಮುರಿದು, ಕೂಲಿಗಳನ್ನು ಹೊತ್ತ ಗಾಡಿ ತುಂಬಿ ಹರಿಯುತ್ತಿದ್ದ ಮೆಡ್‌ವೇ ನದಿಗೆ ಬಿತ್ತು. ಸತ್ತವರು 30 ಮಂದಿ. ಹ್ಯಾಡ್ಲೋದ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿರುವ ಅವರ ಸ್ಮಾರಕದ ಆಕಾರ ಹಾಪ್ಸ್ ಒಣಗಿಸುವ ಗೂಡಿನದು. 1940ರ ಸೆಪ್ಟೆಂಬರಿನಲ್ಲಂತೂ ಕೆಂಟಿನ ತೋಟಗಳ ಮೇಲೆಯೇ ವಿಮಾನಗಳು ಕಾದಾಡಿದವು. ಮಕ್ಕಳು ಕಂದಕಕ್ಕೆ ಇಳಿದು ತಲೆಯೆತ್ತಿ ನೋಡಿದರು, ಆಮೇಲೆ ಮತ್ತೆ ಬಿನ್ನಿಗೆ ಬಂದರು. 1950ರ ದಶಕದಲ್ಲಿ ಕೀಳುವ ಯಂತ್ರ ಹಬ್ಬಿತು, 1960ರ ದಶಕ ಮುಗಿಯುವ ಹೊತ್ತಿಗೆ ಕೈಕೀಳು ಬಹುತೇಕ ನಿಂತಿತು. ಹಾಗಾಗಿ ಇದನ್ನು ಸ್ವತಃ ಕಂಡವರಲ್ಲಿ ಕಿರಿಯರೂ ಈಗ ವೃದ್ಧರು. ಕೇಳಬೇಕಾದದ್ದನ್ನು ಈಗಲೇ ಕೇಳಬೇಕು.

ಸಂಜೆ ‘ಇನ್ನು ಬಳ್ಳಿ ಎಳೆಯಬೇಡಿ’ ಎಂಬ ಕೂಗು ಸಾಲಿನಿಂದ ಸಾಲಿಗೆ ಹಬ್ಬುತ್ತದೆ. ಕೆಳಗೆ ಬಿದ್ದಿರುವ ಬಳ್ಳಿ ಮುಗಿಸಿ, ಕೊನೆಯ ಅಳತೆ ಕೊಟ್ಟು, ಎಲ್ಲರೂ ಗುಡಿಸಲ ಕಡೆ. ಕಬ್ಬಿಣದ ಸಲಾಕೆಗೆ ನೇತುಹಾಕಿದ ಕರಿ ಮಡಕೆಯಲ್ಲಿ ಮಾಂಸ, ಆಲೂಗಡ್ಡೆ, ಈರುಳ್ಳಿ ಒಟ್ಟಿಗೇ ಬೇಯುತ್ತವೆ. ಚೀಲಗಳು ಮಾತ್ರ ಗಾಡಿಯೇರಿ ಹೂ ಒಣಗಿಸುವ ಗೂಡಾದ ಓಸ್ಟ್ ಮನೆಗೆ. ತುದಿಯಲ್ಲಿ ಗಾಳಿಗೆ ತಿರುಗುವ ಬಿಳಿ ಮರದ ಟೋಪಿ ಹೊತ್ತ ದುಂಡು ಗೋಪುರ ಅದು. ಟೋಪಿಯ ಬಾಯಿ ಗಾಳಿಗೆ ಬೆನ್ನು ಹಾಕಿದರೆ ಮಾತ್ರ ಕೆಳಗಿನ ಬಿಸಿ ಮೇಲಕ್ಕೆ ಸೆಳೆಯುತ್ತದೆ, ಮಳೆ ಒಳಗೆ ಬರುವುದಿಲ್ಲ. ಗೋಪುರದ ನಡುವೆ ಮರದ ಪಟ್ಟಿಗಳ ಅಟ್ಟ, ಅದರ ಮೇಲೆ ಕುದುರೆಕೂದಲಿನ ಬಟ್ಟೆ, ಬಟ್ಟೆಯ ಮೇಲೆ ಹೂ. ಕೆಳಗೆ ಹೊಗೆಯಿಲ್ಲದ ಕಲ್ಲಿದ್ದಲ ಬೆಂಕಿ, ಬಣ್ಣ ಉಳಿಯಲೆಂದು ಅದಕ್ಕೊಂದಿಷ್ಟು ಗಂಧಕ. ಹಸಿ ಹೂವಿನಲ್ಲಿ ನೂರಕ್ಕೆ ಎಂಬತ್ತರಷ್ಟು ನೀರು. ಅದನ್ನು ಹತ್ತಕ್ಕೆ ಇಳಿಸಲು ಸುಮಾರು ಹತ್ತು ತಾಸು. ಬೆಂಕಿ ಹೆಚ್ಚಾದರೆ ಪದರ ಉದುರಿ ಹಳದಿ ಪುಡಿ ಚೆಲ್ಲುತ್ತದೆ. ಕಡಿಮೆಯಾದರೆ ಮೂಟೆಯೊಳಗೇ ಬೆವೆತು ಬೂಸಲು ಹಿಡಿಯುತ್ತದೆ.

ಒಣಗಿಸುವವನು ಸುಗ್ಗಿ ಮುಗಿಯುವವರೆಗೆ ಅಲ್ಲೇ ಮಲಗುತ್ತಾನೆ. ಅವನನ್ನು ಒಲಿಸಿಕೊಂಡ ಮಕ್ಕಳ ಆಲೂಗಡ್ಡೆ ಒಲೆಯ ಬೂದಿಯಲ್ಲಿ ಸುಡುತ್ತಿರುತ್ತದೆ. ನಡುರಾತ್ರಿ ಎದ್ದು ಒಂದು ಹೂ ತೆಗೆದು ಅಂಗೈಯಲ್ಲಿ ಉಜ್ಜಿ, ಮೂಸಿ, ನಡುವಿನ ದಿಂಡನ್ನು ಬಗ್ಗಿಸಿ ನೋಡುತ್ತಾನೆ. ಚಟ್ಟನೆ ಮುರಿದರೆ ಆಗಿದೆ, ಕ್ಯಾನ್ವಾಸ್ ಕಟ್ಟಿದ ಅಗಲ ಸಲಿಕೆಯಿಂದ ಪಕ್ಕದ ಅಟ್ಟಕ್ಕೆ ಎಳೆದು ಆರಲು ಬಿಡಬೇಕು. ಬಾಗಿದರೆ ಇನ್ನೂ ಒಂದು ತಾಸು ಬೆಂಕಿ.