ಅಪ್ಪನ ಪಂಚೆ ಮೇಲೆ ಸಿನಿಮಾ: ಐದನೇ ಭಾನುವಾರದವರೆಗೆ

ಹಾಸನದ ಮಳೆ ನಂಬ್ಕೊಂಡು ಮಹಡಿ ಮೇಲೆ ಸಿನಿಮಾ ತೋರಿಸೋಕೆ ಹೋಗಬೇಡ ಅಂತ ಅಮ್ಮ ಮೊದಲೇ ಹೇಳಿದ್ರು. ಐದು ಭಾನುವಾರದಲ್ಲಿ ಎರಡು ಸಲ ಪ್ರೊಜೆಕ್ಟರ್ ಎದೆಗವಚಿಕೊಂಡು ಕೆಳಗೆ ಓಡಿದ್ದೇನೆ. ಆದರೂ ಕೆಲಸ ನಿಂತಿಲ್ಲ.

ಲೆಕ್ಕ ಇಷ್ಟೇ: ವಾರಕ್ಕೊಂದು ವರ್ಷ, ಸಿನಿಮಾದ ದಾರಿಯನ್ನೇ ತಿರುಗಿಸಿದ ವರ್ಷ. ನೋಡೋರು ಅಪ್ಪ, ಅಮ್ಮ, ಅಕ್ಕನ ಮಗ, ಪಕ್ಕದ ಮನೆಯ ಮೂರು ಮಕ್ಕಳು. ನೋಟ್‌ಬುಕ್ಕಿನಲ್ಲಿ ಮೊದಲು 14 ವರ್ಷ ಬರೆದಿದ್ದೆ, ಈಗ ಉಳಿದಿರೋದು 9. 1939ನ್ನು ಹೊಡೆದುಹಾಕಿದ್ದಕ್ಕೆ ಗೆಳೆಯನೊಬ್ಬ ಇನ್ನೂ ಮುನಿಸಿಕೊಂಡಿದ್ದಾನೆ. ಅದು ಒಳ್ಳೊಳ್ಳೆ ಸಿನಿಮಾ ಬಂದ ವರ್ಷ, ಒಪ್ಪಿದೆ. ಆದರೆ ಆ ವರ್ಷ ಆದಮೇಲೆ ಸಿನಿಮಾ ಮಾಡೋ ರೀತಿ ಏನು ಬದಲಾಯ್ತು ಅಂದ್ರೆ ಅವನ ಹತ್ರಾನೂ ಉತ್ತರ ಇಲ್ಲ.

ತೆರೆ ಅಂದ್ರೆ ಅಪ್ಪನ ಎರಡು ಬಿಳಿ ಪಂಚೆ. ಜೋಡಿಸಿ ಹೊಲಿದುಕೊಡಿ ಅಂತ ಟೈಲರಿಗೆ ಕೊಟ್ಟೆ. ಪುಣ್ಯಾತ್ಮ ಅಂಚು ಕತ್ತರಿಸದೆ ಹಾಗೇ ಹೊಲಿದುಬಿಟ್ಟ. ಈಗ ಯಾವ ಸಿನಿಮಾ ಹಾಕಿದರೂ ನಟ್ಟನಡುವೆ ಅಡ್ಡಕ್ಕೆ ಎರಡು ಬೆರಳಗಲ ಹಸಿರು ಪಟ್ಟಿ.

ಮೊದಲ ವಾರ 1895. ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ ಲ್ಯೂಮಿಯೇರ್ ಸೋದರರು ದುಡ್ಡು ತಗೊಂಡು ಹತ್ತು ಪುಟ್ಟ ಚಿತ್ರ ತೋರಿಸಿದರು. ಕಾರ್ಖಾನೆಯಿಂದ ಕೆಲಸಗಾರರು ಹೊರಗೆ ಬರೋದು ಹಾಕಿದೆ. ಒಂದು ನಿಮಿಷಾನೂ ಇಲ್ಲ. 'ಅಷ್ಟೇನಾ ಮಾವ?' ಅಂದ ಅಕ್ಕನ ಮಗ. ಪಕ್ಕದ ಮನೆಯ ಚಿಕ್ಕವಳು ಮಾತ್ರ 'ನಾಯಿ ಬಂತು, ಇನ್ನೊಂದ್ಸಲ ಹಾಕಿ' ಅಂತ ಆರು ಸಲ ಹಾಕಿಸಿದಳು. ರೈಲು ನುಗ್ಗಿ ಬಂತು ಅಂತ ಜನ ಎದ್ದು ಓಡಿದ ಕಥೆ ಎಲ್ಲರೂ ಹೇಳ್ತಾರಲ್ಲ, ಆ ರೈಲಿನ ಚಿತ್ರ ಮೊದಲ ದಿನದ ಪಟ್ಟಿಯಲ್ಲೇ ಇರಲಿಲ್ಲ. ಮರುವರ್ಷ ಜುಲೈ 7ಕ್ಕೇ ಮುಂಬೈನ ವ್ಯಾಟ್ಸನ್ಸ್ ಹೋಟೆಲಿನಲ್ಲಿ ಲ್ಯೂಮಿಯೇರ್ ಚಿತ್ರಗಳು ಬಂದಿದ್ದವು. ಏಳು ತಿಂಗಳು ಕೂಡ ಹಿಡಿಯಲಿಲ್ಲ.

ಎರಡನೇ ವಾರ 1902, ಫ್ರಾನ್ಸಿನ ಮೆಲಿಯೆಸ್ ಚಂದ್ರಯಾನದ ಮೇಲೆ ಮಾಡಿದ ಚಿತ್ರ. ರಾಕೆಟ್ಟು ಹೋಗಿ ಚಂದ್ರನ ಕಣ್ಣಿಗೆ ಚುಚ್ಚಿತು, ನಮ್ಮ ಹಸಿರು ಅಂಚು ಮೂಗಿನ ಮೇಲೆ ಕೂತಿತು. ಮಕ್ಕಳಿಗೆ ಅಂಚೇ ಜಾಸ್ತಿ ಇಷ್ಟವಾಯ್ತು. ಮೂರನೇ ವಾರ 1913, ಫಾಲ್ಕೆಯ 'ರಾಜಾ ಹರಿಶ್ಚಂದ್ರ'. ಉಳಿದಿರೋದೇ ತುಣುಕು, ಅಷ್ಟರಲ್ಲಿ ಮಳೆ. ತಾರಾಮತಿಯ ಪಾತ್ರ ಮಾಡಿದ ಸಾಳುಂಕೆ ಹೋಟೆಲಿನಲ್ಲಿ ಅಡುಗೆ ಮಾಡ್ತಿದ್ದ ಗಂಡಸು ಅಂದಾಗ ಅಮ್ಮ 'ನಡಿಗೇಲೇ ಗೊತ್ತಾಗುತ್ತೆ ಬಿಡು' ಅಂದರು.

ನಾಲ್ಕನೇ ವಾರ 1927, ಮಾತು ಬಂದ ವರ್ಷ. ಇದಕ್ಕೆ ಎರಡು ರಾತ್ರಿ ಕೂತಿದ್ದೆ. ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ ತೆರೆಕಂಡ 'ದಿ ಜಾಝ್ ಸಿಂಗರ್'ನ ಬಹುಪಾಲು ಮೂಕಿಯೇ. ಹಾಡು ಮತ್ತು ಒಂದಿಷ್ಟು ಮಾತು ಮಾತ್ರ ಕೇಳೋದು. ಆ ಧ್ವನಿ ಫಿಲ್ಮಿನಲ್ಲಿರಲಿಲ್ಲ, ಬೇರೆ ತಟ್ಟೆಯಲ್ಲಿತ್ತು: 16 ಇಂಚಿನ ಗ್ರಾಮಫೋನ್ ತಟ್ಟೆ, ರೀಲಿಗೊಂದು, ಹನ್ನೊಂದು ನಿಮಿಷಕ್ಕೊಂದು. ಮುಳ್ಳು ಒಳಗಿನಿಂದ ಹೊರಗೆ ಸಾಗೋದು. ನಡುವೆ ಫಿಲ್ಮು ಹರಿದರೆ, ಹೋದಷ್ಟೇ ಉದ್ದದ ಕಪ್ಪು ಫಿಲ್ಮು ಸೇರಿಸಿ ಅಂಟಿಸಬೇಕು. ಇಲ್ಲದಿದ್ರೆ ತುಟಿ ಒಂದು ಕಡೆ, ಮಾತು ಒಂದು ಕಡೆ.

ಇದನ್ನೇ ಮಾಡಿ ನೋಡೋಣ ಅಂತ ಲ್ಯಾಪ್‌ಟಾಪಿನಲ್ಲಿ ಚಿತ್ರಕ್ಕೆ ಮ್ಯೂಟ್ ಹಾಕಿ, ಧ್ವನಿಯನ್ನು ಮೊಬೈಲಿಂದ ಸ್ಪೀಕರಿಗೆ ಬಿಟ್ಟೆ. ಒಂದು, ಎರಡು, ಮೂರು ಅಂತ ಇಬ್ಬರೂ ಒಟ್ಟಿಗೆ ಒತ್ತಬೇಕು. ಮೂರನೇ ಸಲಕ್ಕೆ ಸರಿಹೋಯ್ತು. ಆಮೇಲೆ ಬೇಕಂತಲೇ ಚಿತ್ರದಿಂದ ಎರಡು ಸೆಕೆಂಡು ಕತ್ತರಿಸಿದ ಪ್ರತಿ ಹಾಕಿದೆ. ನಟ ಬಾಯಿ ಮುಚ್ಚಿದಮೇಲೂ ಹಾಡು ಹರಿದುಕೊಂಡು ಬರ್ತಿತ್ತು. ಅಮ್ಮ ನಕ್ಕು ನಕ್ಕು 'ಥೇಟ್ ನಿಮ್ಮ ದೊಡ್ಡಪ್ಪ' ಅಂದರು. ಧ್ವನಿ ಕೊನೆಗೆ ಫಿಲ್ಮಿನ ಅಂಚಿಗೇ ಯಾಕೆ ಹೋಯ್ತು ಅಂತ ಮಕ್ಕಳಿಗೆ ಬೇರೆ ಹೇಳಬೇಕಾಗಲಿಲ್ಲ.

ಐದನೇ ವಾರ, ಅಂದ್ರೆ ನಿನ್ನೆ: 1931 ಮತ್ತು 1934. ನಮ್ಮ ಪಾಲಿಗೆ ಇಡೀ ಪಟ್ಟಿಯಲ್ಲಿ ದೊಡ್ಡ ತಿರುವು ಇದೇ. ಮೂಕಿಗೆ ಭಾಷೆ ಇರಲಿಲ್ಲ. ನಡುನಡುವೆ ಬರೋ ಬರಹ ಬದಲಿಸಿದರೆ ಅದೇ ರೀಲು ಎಲ್ಲಿ ಬೇಕಾದ್ರೂ ಓಡೋದು. ಮಾತು ಬಂದ ಕೂಡಲೇ ಸಿನಿಮಾ ಭಾಷೆಭಾಷೆಗೆ ಹಂಚಿಹೋಯ್ತು. 1931ರ ಮಾರ್ಚ್ 14ರಂದು ಮುಂಬೈನಲ್ಲಿ 'ಆಲಂ ಆರಾ', ನಮ್ಮ ದೇಶದ ಮೊದಲ ಮಾತಿನ ಚಿತ್ರ. ಸ್ಟುಡಿಯೊ ಪಕ್ಕದಲ್ಲೇ ರೈಲು ಹಳಿ, ಗದ್ದಲ ತಪ್ಪಿಸೋಕೆ ರಾತ್ರಿ ಚಿತ್ರೀಕರಣ. ಮೂರು ವರ್ಷಕ್ಕೆ, 1934ರ ಮಾರ್ಚ್ 3ರಂದು, ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ'. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾವ್ ರಾವಣ, ತ್ರಿಪುರಾಂಬ ಸುಲೋಚನೆ. ಚಿತ್ರೀಕರಣ ಪೂರ್ತಿ ಕೊಲ್ಲಾಪುರದಲ್ಲಿ.

ತೊಂದರೆ ಏನಂದ್ರೆ, ಎರಡರದ್ದೂ ಒಂದೇ ಒಂದು ಪ್ರತಿ ಉಳಿದಿಲ್ಲ. ಏನು ತೋರಿಸೋದು? ಪ್ರೊಜೆಕ್ಟರ್ ಹಚ್ಚಿ ಬರೀ ಬೆಳಕು ಬಿಟ್ಟೆ. ಮಳೆಹುಳಗಳು ಬಂದು ಪಂಚೆ ಮೇಲೆ ಹಾರಾಡಿದವು, ಒಂದೊಂದರ ನೆರಳೂ ಕಾಗೆಯಷ್ಟು. 'ಇದೇನಾ ಮೊದಲನೇ ಕನ್ನಡ ಪಿಕ್ಚರು?' ಅಂತ ಅಕ್ಕನ ಮಗ ಕೇಳಿದ. ಏನೂ ಹೇಳಲಿಲ್ಲ ನಾನು.

ಆಗ ಅಪ್ಪ ಶುರು ಮಾಡಿದರು. ಬೇಲೂರು ಕಡೆಯ ನಮ್ಮ ಹಳ್ಳಿ ಹತ್ರ ಟೂರಿಂಗ್ ಟಾಕೀಸು ಬೀಡುಬಿಟ್ಟಾಗ ನೆಲದ ಟಿಕೆಟ್ಟು, ಮುಂದೆ ಮರಳು ಗುಡ್ಡೆ ಮಾಡ್ಕೊಂಡು ಕೂರೋದು, ಹಿಂದಿನವರು ಬೈಯೋದು. ಎತ್ತಿನ ಗಾಡಿಯಲ್ಲಿ ಮೈಕು ಕಟ್ಟಿಕೊಂಡು 'ಸಂಪೂರ್ಣ ವರ್ಣಚಿತ್ರ' ಅಂತ ಕೂಗಿಕೊಂಡು ಹೋದರಂತೆ. 1964ರ 'ಅಮರಶಿಲ್ಪಿ ಜಕಣಾಚಾರಿ', ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. 'ಬಣ್ಣ ನೋಡಕ್ಕೆ ಹೋದ್ವಿ ಕಣೋ, ಕಥೆ ಮೊದಲೇ ಗೊತ್ತಿತ್ತಲ್ಲ, ಕಪ್ಪೆ ಚನ್ನಿಗರಾಯ ಪಕ್ಕದಲ್ಲೇ ಅವ್ನೆ,' ಅಂದರು. (ಬೇಲೂರಿನ ಶಿಲ್ಪಗಳ ಕೆಳಗೆ ದಾಸೋಜ, ಚಾವಣ ಅಂತ ಹೆಸರು ಕೆತ್ತಿದೆ, ಜಕಣಾಚಾರಿ ಹೆಸರಿಲ್ಲ ಅಂದೆ. ಅಪ್ಪನಿಗೆ ಹಿಡಿಸಲಿಲ್ಲ.)

ಹಾಗಾಗಿ ಪಟ್ಟಿ ಉಲ್ಟಾ ಆಗಿದೆ. 1955ರ 'ಪಥೇರ್ ಪಾಂಚಾಲಿ' ಹಿಂದಕ್ಕೆ, ಮುಂದಿನ ಭಾನುವಾರ 1964. ನನಗೆ ಸಿಕ್ಕ ಪ್ರತಿಯಲ್ಲಿ ಬಣ್ಣ ಮಾಸಿ ಎಲ್ಲರ ಮುಖವೂ ಕುಂಕುಮ ಮೆತ್ತಿದ ಹಾಗಿದೆ. ಸರಿ ಮಾಡೋಕೆ ನೋಡಿದೆ. ಮುಖ ಸರಿಹೋದರೆ ಆಕಾಶ ಹಸಿರಾಗುತ್ತೆ. ಅದಾದ ಮೇಲೆ 1970, 'ಸಂಸ್ಕಾರ'. ಅದನ್ನು ತೆಗೆದ ವೈಕುಂಠಪುರ ಇಲ್ಲೇ ಶೃಂಗೇರಿ ಹತ್ರ. ಮಳೆ ಬಿಟ್ಟರೆ ಬೈಕಿನಲ್ಲಿ ಹೋಗಿ ಬರಬೇಕು ಅಂತಿದೆ.

ಅಂಚು ಬಿಚ್ಚಿ ಹೊಲಿಸೋಕೆ ಇವತ್ತು ಪಂಚೆ ಕೊಡಬೇಕಿತ್ತು. ಮಕ್ಕಳು ಬೇಡ ಅಂದ್ರು.