ನಾಲ್ಕು ರೂಪಾಯಿ ಷೇರು

ಇವತ್ತು ಟೀ ಹೊತ್ತಲ್ಲಿ ನಮ್ಮ ಟೀಮಿನ ಹುಡುಗ ಮೊಬೈಲ್ ಹಿಡಿದುಕೊಂಡು ಬಂದ. "ಸರ್, ಲಾಭಕ್ಕೇ ಮಾರಿದ್ದು. ದುಡ್ಡು ಮಾತ್ರ ಕಮ್ಮಿಯಾಗಿದೆ!"

ನಾಲ್ಕು ರೂಪಾಯಿಯ ಷೇರು, 500 ಕೊಂಡಿದ್ದ. ಮಾರಿದ್ದು 4.10ಕ್ಕೆ. ಅಂದರೆ 50 ರೂಪಾಯಿ ಲಾಭ.

ಅವನ ಬ್ರೋಕರ್ ಆರ್ಡರಿಗೆ 20 ರೂಪಾಯಿ ತಗೊಳ್ತಾರೆ. ಕೊಂಡಾಗ 20, ಮಾರಿದಾಗ 20, ಅದರ ಮೇಲೆ 18% ಜಿಎಸ್‌ಟಿ. ಒಟ್ಟು 47.20. ಷೇರು ವ್ಯವಹಾರದ ತೆರಿಗೆ, ಎಸ್‌ಟಿಟಿ, ಎರಡೂ ಕಡೆ ಸೇರಿ 4 ರೂಪಾಯಿ. ಅಲ್ಲಿಗೇ ಲಾಭ ಮುಗೀತು.

ಆಮೇಲೆ ಬ್ರೋಕರ್ ಹತ್ತಿರ ಇರೋ ಅವನ ಖಾತೆಯ ಲೆಕ್ಕ, ಲೆಡ್ಜರ್, ತೆಗೆಸಿದೆ. ಅಲ್ಲಿತ್ತು ನೋಡಿ ಡಿಪಿ ಚಾರ್ಜ್, ಅಂದರೆ ಡಿಮ್ಯಾಟ್ ಖಾತೆಯ ಶುಲ್ಕ, 15 ರೂಪಾಯಿ ಚಿಲ್ಲರೆ. ಇದು ವ್ಯವಹಾರದ ಬಿಲ್ಲಿನಲ್ಲಿ, ಅಂದರೆ ಕಾಂಟ್ರ್ಯಾಕ್ಟ್ ನೋಟಿನಲ್ಲಿ, ಕಾಣಲ್ಲ. ಷೇರು ಇಟ್ಟಿರೋ ಡಿಮ್ಯಾಟ್ ಖಾತೆಯಿಂದ ಅದು ಹೊರಗೆ ಹೋದ ದಿನ, ಕಂಪನಿಗೊಂದು ಸಲ ಬೀಳುತ್ತೆ. ಹತ್ತು ಷೇರು ಮಾರಿದರೂ ಅಷ್ಟೇ, ಹತ್ತು ಸಾವಿರ ಮಾರಿದರೂ ಅಷ್ಟೇ. ಇವತ್ತಿಷ್ಟು ನಾಳೆಯಿಷ್ಟು ಅಂತ ಮಾರಿದರೆ ಎರಡು ಸಲ.

ಡೆಲಿವರಿಗೆ, ಅಂದರೆ ಕೊಂಡ ಷೇರನ್ನ ಖಾತೆಗೆ ತಗೊಳ್ಳೋ ವ್ಯವಹಾರಕ್ಕೆ, ಬ್ರೋಕರೇಜೇ ಇಲ್ಲದ ಕಡೆ ಇದೇ ವ್ಯವಹಾರ ಮಾಡಿದ್ದರೆ ಸುಮಾರು 30 ರೂಪಾಯಿ ಉಳೀತಿತ್ತು. ಸೊನ್ನೆ ಅಂತ ದೊಡ್ಡದಾಗಿ ಬರೆದಿರ್ತಾರೆ, ಡಿಪಿ ಚಾರ್ಜ್ ಅಲ್ಲೂ ತಪ್ಪಲ್ಲ. ಒಂದು ಲಕ್ಷದ ವ್ಯವಹಾರದಲ್ಲಿ ಈ 15 ರೂಪಾಯಿ ಯಾರ ಕಣ್ಣಿಗೂ ಬೀಳಲ್ಲ. ಎರಡು ಸಾವಿರ ಹಾಕೋ ಹುಡುಗನಿಗೆ ಅದೇ ಜಾಸ್ತಿ, ಅಲ್ವಾ?

ಬ್ರೋಕರ್ ಬದಲಾಯಿಸ್ತೀನಿ ಅಂದ. ಸರಿ, ಹಳೇ ಅಕೌಂಟ್ ಮುಚ್ಚಿಬಿಡು, ಇಲ್ಲಾಂದ್ರೆ ಖಾತೆ ನಿರ್ವಹಣೆಯ ವರ್ಷದ ಶುಲ್ಕ, ಎಎಂಸಿ, ಬೀಳ್ತಾ ಇರುತ್ತೆ ಅಂದೆ.

"ಅದು ಬೇರೆ ಇದೆಯಾ ಸರ್?"