ಕಂಚಿಲ್ಲದ ಆಯುಧಪಟ್ಟಿ

ಹೊಸೂರು
17 ಆಗಸ್ಟ್ 2025, ಭಾನುವಾರ

ಅಣ್ಣನ ಮಗ ಮತ್ತು ಅವನ ಗೆಳೆಯರಿಗಾಗಿ ಹೊಸ ದಾಳದ ಆಟ ಕಟ್ಟುತ್ತಿದ್ದೇನೆ. ಇವತ್ತು ಆಯುಧಗಳ ಪಟ್ಟಿಯ ಸರದಿ. ಕಂಚು, ಕಬ್ಬಿಣ, ಉಕ್ಕು, ಆಮೇಲೆ ಕಲ್ಪನೆಯ ಲೋಹಗಳಾದ ಮಿತ್ರಿಲ್, ಆಡಮಂಟ್ ಎಂಬ ಏಣಿ ರೂನ್‌ಸ್ಕೇಪ್ ಎಂಬ ಕಂಪ್ಯೂಟರ್ ಆಟ ಆಡಿದವರಿಗೆಲ್ಲ ಬಾಯಿಪಾಠ. ದಾಳಿಯ ಮಟ್ಟ 20 ಆದರೆ ಮಿತ್ರಿಲ್ ಕತ್ತಿ, 30ಕ್ಕೆ ಆಡಮಂಟ್, 40ಕ್ಕೆ ರೂನ್ ಎಂಬ ಇನ್ನೊಂದು ಕಲ್ಪಿತ ಲೋಹದ್ದು. ಬಣ್ಣ ಬದಲಾಗುತ್ತದೆ, ಅಂಕಿ ಏರುತ್ತದೆ, ಹಳೆಯ ಕತ್ತಿ ಮೂಲೆ ಸೇರುತ್ತದೆ. ಲೋಹಕ್ಕೆ ತನ್ನದೇ ಸ್ವಭಾವವಿಲ್ಲದ ಇಂಥ ಏಣಿ ನನಗೆ ಬೇಡ.

ಮೈನ್‌ಕ್ರಾಫ್ಟ್ ಎಂಬ ಇನ್ನೊಂದು ಕಂಪ್ಯೂಟರ್ ಆಟದ ಚಿನ್ನವನ್ನು ನೋಡಿ. ಅದರ ಗುದ್ದಲಿ ವಜ್ರದ್ದಕ್ಕಿಂತ ವೇಗವಾಗಿ ಅಗೆಯುತ್ತದೆ, ಆದರೆ ಬಾಳಿಕೆ 32 ಮಾತ್ರ, ವಜ್ರದ್ದು 1561. ಮೈಮೇಲೆ ಒಂದು ಚಿನ್ನದ ಕವಚವಿದ್ದರೆ ಪಿಗ್ಲಿನ್ ಎಂಬ ಹಂದಿಮುಖದ ಜೀವಿಗಳು ತಾವಾಗಿ ತಂಟೆಗೆ ಬರುವುದಿಲ್ಲ. ಮೇಲಿನದೂ ಅಲ್ಲ, ಕೆಳಗಿನದೂ ಅಲ್ಲ, ಬೇರೆಯದು! ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ದಾಳದ ಆಟದ 2014ರ ನಿಯಮಗಳಲ್ಲಿ ತೋಳಮಾನವನಿಗೆ ಬೆಳ್ಳಿಯ ಇಲ್ಲವೇ ಮಾಂತ್ರಿಕ ಆಯುಧವೇ ಬೇಕೆಂದಿದ್ದುದೂ ಇದೇ ಜಾಣತನ.

ಕಂಚನ್ನು ಪಟ್ಟಿಯಿಂದ ಹೊಡೆದುಹಾಕಿದೆ. ನಮ್ಮದೇ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 2172ರಷ್ಟು ಹಿಂದಕ್ಕೆ ಹೋಗುತ್ತದೆಂದು ತಮಿಳುನಾಡು ಸರ್ಕಾರ 2022ರಲ್ಲಿ ಪ್ರಕಟಿಸಿತು. ದಕ್ಷಿಣದಲ್ಲಿ ಕಂಚಿನ ಯುಗ ಪ್ರತ್ಯೇಕವಾಗಿ ಎದ್ದುಕಾಣುವುದಿಲ್ಲ. ನವಶಿಲಾಯುಗದ ಬೆನ್ನಿಗೇ ಕಬ್ಬಿಣ ಬರುತ್ತದೆ. ಈ ನೆಲದ ಕಥೆಯಲ್ಲಿ ನಾಯಕ ಕಲ್ಲಿನ ಕೊಡಲಿ ಕೆಳಗಿಟ್ಟು ನೇರವಾಗಿ ಕಬ್ಬಿಣಕ್ಕೇ ಕೈಹಾಕಲಿ.

ಇಡೀ ಮಧ್ಯಾಹ್ನ ಉಕ್ಕಿಗೇ ಹೋಯಿತು. ಅದು ಅಂಗಡಿಯಲ್ಲಿ ಸಿಗುವುದಿಲ್ಲ ಎಂಬುದು ಮೊದಲ ನಿಯಮ. ಮೆದು ಕಬ್ಬಿಣದ ತುಂಡು, ತಂಗಡಿಯ ಒಣಕಟ್ಟಿಗೆ, ಮೇಲೆ ಮುಚ್ಚಲು ಎಕ್ಕದ ಎಲೆ: 19ನೇ ಶತಮಾನದವರು ಸೇಲಂ ಕಡೆಯ ಕುಲುಮೆಗಳ ಬಗ್ಗೆ ಬರೆದಿಟ್ಟ ಸಾಮಗ್ರಿಗಳಿವು. ಡೆಂಕಣಿಕೋಟೆ ರಸ್ತೆಯ ಬದಿಯಲ್ಲಿ ಹಳದಿ ಹೂ ಬಿಡುವ ಅದೇ ತಂಗಡಿ. ಇಷ್ಟನ್ನೂ ಮಣ್ಣಿನ ಮೂಸೆಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಇದ್ದಿಲ ಕೆಂಡದಲ್ಲಿಟ್ಟು ಗಂಟೆಗಟ್ಟಲೆ ತಿದಿಯೊತ್ತಬೇಕು. ಅಪ್ಪಟ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಕಟ್ಟಿಗೆ ಮತ್ತು ಎಲೆಯ ಇಂಗಾಲವನ್ನು ಹೀರಿದಂತೆಲ್ಲ ಆ ಮಿತಿ ಇಳಿಯುತ್ತದೆ. ಗಟ್ಟಿ ಉಕ್ಕಿನ ಉಂಡೆ ಹುಟ್ಟುವುದು ಹಾಗೆ. ಇಷ್ಟೆಲ್ಲ ಹೊಂದಿಸಿದ ಹುಡುಗ ಆ ಕತ್ತಿಯನ್ನು ಸುಲಭವಾಗಿ ಮಾರುತ್ತಾನೆಯೇ?

ಕೊನೆಯ ಪರೀಕ್ಷೆ ಬಡಿಯುವುದರಲ್ಲಿದೆ. ಇಂಗಾಲ ಹೆಚ್ಚಿರುವ ಈ ಉಕ್ಕನ್ನು ಬೆಳ್ಳಗೆ ಕಾಯಿಸಿ ಬಡಿದರೆ ಸುತ್ತಿಗೆಯ ಕೆಳಗೆ ಪುಡಿಯಾಗುತ್ತದೆ. ಕೆಂಪು ಕಾವಿನಲ್ಲಿ ತಾಳ್ಮೆಯಿಂದಲೇ ಬಡಿಯಬೇಕು. ಇದಕ್ಕೆ ದಾಳ ಉರುಳಿಸುವುದಿಲ್ಲ. ಉಂಡೆಯ ಬಣ್ಣ ಯಾವುದೆಂದು ಮಾತ್ರ ಹೇಳುತ್ತೇನೆ, ಸುತ್ತಿಗೆ ಯಾವಾಗ ಎತ್ತಬೇಕೆಂದು ಅವರೇ ತೀರ್ಮಾನಿಸಲಿ. ಮಿತ್ರಿಲ್‌ಗೆ ಸದ್ಯಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ.